ಕೆಡಿಸುವ ಪಾಠ

ನಿಮ್ಮ ಬೀದಿಯ ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ ಇದೆಯಲ್ಲ, ಅದರ ಬೀಗದ ಕೈ ಯಾರ ಬಳಿ ಇದೆಯೆಂದು ನೀವು ಒಮ್ಮೆಯಾದರೂ ಕೇಳಿದ್ದೀರಾ? ಕೇಳಿಲ್ಲ. ಯಂತ್ರಗಳು ಬಂದ ದಿನ ರಿಬ್ಬನ್ ಕತ್ತರಿಸುವುದನ್ನು ನೋಡಲು ಹೋಗಿದ್ದಿರಿ, ಪೇಢೆ ತಿಂದಿರಿ, ಚಪ್ಪಾಳೆ ತಟ್ಟಿದಿರಿ, ಮನೆಗೆ ಬಂದಿರಿ. ಆ ಬಾಗಿಲು ಮರುದಿನ ತೆರೆಯಿತೋ ಇಲ್ಲವೋ ಎಂಬುದು ನಿಮ್ಮ ಚಿಂತೆಯಾಗಲಿಲ್ಲ. ನಮ್ಮೆಲ್ಲರ ಆ ಅಲಕ್ಷ್ಯದ ಫಲವನ್ನು ಉಂಡವಳು ಅಂಕಿತಾ ಎಂಬ ಹತ್ತನೆಯ ತರಗತಿಯ ಹುಡುಗಿ. ಅವಳಿಗೆ ಏನಾಯಿತೆಂಬುದನ್ನು ಕೇಳಿ.

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಸ್ಪರ್ಧೆ ಏರ್ಪಟ್ಟಿತ್ತು. ಅಲ್ಲಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕಿಯಾಗಿದ್ದ ಭವ್ಯಾ ತೀರ್ಪುಗಾರ್ತಿ. ಬೆಳಗಿನ ಲಿಖಿತ ಸುತ್ತಿನಲ್ಲಿ ಹರಿಹರದಿಂದ ಬಂದ ಅಂಕಿತಾಳೇ ಎಲ್ಲರಿಗಿಂತ ಮುಂದಿದ್ದಳು. ಕಂಪ್ಯೂಟರಿನ ಭಾಗಗಳ ಹೆಸರು, ಅವುಗಳ ಕೆಲಸ, ಪ್ರೋಗ್ರಾಮ್ ಎಂದರೇನು ಎಂಬ ವಿವರಣೆ, ಎಲ್ಲವನ್ನೂ ಅಚ್ಚು ಹಾಕಿದಂತೆ ಬರೆದಿದ್ದಳು. ಕಂಪ್ಯೂಟರಿನ ಚಿತ್ರವನ್ನಂತೂ ಸ್ಕೇಲು ಹಿಡಿದು, ಬಣ್ಣ ತುಂಬಿ, ನೋಡಿದವರು ಮೆಚ್ಚುವಂತೆ ಬಿಡಿಸಿದ್ದಳು.

ಮಧ್ಯಾಹ್ನ ಪ್ರಯೋಗದ ಸುತ್ತು. ಕೊಟ್ಟ ಸಂಖ್ಯೆಯ ಮಗ್ಗಿಯನ್ನು ಪರದೆಯ ಮೇಲೆ ಮೂಡಿಸಬೇಕು, ಅಷ್ಟೆ. ಮಕ್ಕಳು ದಡಬಡನೆ ಒಳನುಗ್ಗಿ ಕೀಲಿಮಣೆಗಳನ್ನು ಕುಟ್ಟತೊಡಗಿದರು. ಅಂಕಿತಾ ಮಾತ್ರ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ನಲ್ಲಿಯಲ್ಲಿ ಕೈ ತೊಳೆದು, ಲಂಗದ ಅಂಚಿಗೆ ಒರೆಸಿಕೊಂಡು ಬಂದು ಕುಳಿತಳು. ಕೈಕಟ್ಟಿದಳು. ಪರದೆಯನ್ನೇ ನೋಡುತ್ತ ಕುಳಿತಳು. ಸಮಯ ಮುಗಿದು ಗಂಟೆ ಬಾರಿಸುವವರೆಗೂ ಆ ಕೈಗಳು ಬಿಚ್ಚಿಕೊಳ್ಳಲಿಲ್ಲ. ಏಳುವಾಗ ಯಂತ್ರಕ್ಕೆ ಕೈಮುಗಿದು ಎದ್ದಳು.

ಭವ್ಯಾ ಅವಳನ್ನು ವರಾಂಡದಲ್ಲಿ ಹಿಡಿದು ನಿಲ್ಲಿಸಿದಳು.

"ಯಾಕವ್ವಾ, ಪ್ರಶ್ನೆ ಅರ್ಥ ಆಗ್ಲಿಲ್ಲೇನು?"

"ಅರ್ಥ ಆತು ಮಿಸ್."

"ಮತ್ತೆ ಯಾಕ ಸುಮ್ನೆ ಕುಂತಿದ್ದಿ?"

"ಯಾರೂ ಮುಟ್ಟು ಅನ್ಲೇ ಇಲ್ಲಲ್ರಿ."

"ಉಳಿದೋರಿಗೂ ಯಾರೂ ಅನ್ಲಿಲ್ಲಲ್ಲೇ."

"ಅವ್ರು ದಿನಾ ಮುಟ್ತಾರಂತ್ರಿ. ನಮ್ ಸ್ಕೂಲಿನಾಗೆ ಹಂಗಿಲ್ಲ. ಆಯುಧ ಪೂಜೆ ದಿನ ಬಾಗ್ಲು ತೆಗೀತಾರೆ, ಸಾಲಾಗಿ ಹೋಗಿ ಕೈಮುಗಿದು ಮಂಡಕ್ಕಿ ಪ್ರಸಾದ ಇಸ್ಕಂಡು ಬರ್ತೀವಿ. ಮುಟ್ಟಿದ್ರೆ ಕೆಡ್ತೈತೆ ಅಂತ ನಮ್ ಹೆಡ್ಮಾಸ್ಟ್ರು ಹೇಳ್ಯಾರೆ." ಹುಡುಗಿ ತಲೆ ತಗ್ಗಿಸಿದಳು. "ಪಿಯುಸಿನಾಗೆ ಕಂಪ್ಯೂಟರ್ ಸೈನ್ಸ್ ತಗಾಬೇಕು ಅಂತಿದ್ದೆ ಮಿಸ್. ಇವತ್ತು ಗೊತ್ತಾತು, ನನ್ ಕೈಲಿ ಆಗಾಕಿಲ್ಲ. ಬ್ಯಾಡ ಬಿಡ್ರಿ."

ಆ ಮಾತನ್ನು ಅವಳು ಅಳುತ್ತ ಹೇಳಿದ್ದರೆ ಭವ್ಯಾ ಸಮಾಧಾನ ಮಾಡಿ ಕಳಿಸುತ್ತಿದ್ದಳೇನೋ. ಆದರೆ ಹುಡುಗಿ ಶಾಂತವಾಗಿ, ಇತ್ಯರ್ಥವಾದ ಸಂಗತಿಯೆಂಬಂತೆ ಹೇಳಿದಳು. ಜಾಣೆಯೊಬ್ಬಳು ತಾನು ದಡ್ಡಿಯೆಂದು ನಂಬಿ, ಆ ನಂಬಿಕೆಯನ್ನೇ ಬಹುಮಾನದಂತೆ ಹೊತ್ತು ಹರಿಹರದ ಬಸ್ಸು ಹತ್ತಲಿದ್ದಳು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಂದು ಶಾಲೆ ಮಗುವಿಗೆ ಮಾಡಲು ಸಾಧ್ಯವೇ?

ಭವ್ಯಾ ಆ ಹುಡುಗಿಯನ್ನು ಹಾಗೇ ಬಿಡಲಾರದ್ದಕ್ಕೆ ಇನ್ನೊಂದು ಕಾರಣವಿತ್ತು. ಅಂಕಿತಾ ತೊಟ್ಟಿದ್ದ ಸಮವಸ್ತ್ರವನ್ನು ಒಂದು ಕಾಲಕ್ಕೆ ಅವಳೂ ತೊಟ್ಟಿದ್ದಳು. ಅದೇ ಶಾಲೆ, ಅದೇ ಕೋಣೆ. ಆದರೆ ಆಗ ಆ ಕೋಣೆಯ ಬೀಗದ ಕೈ ಬಾಗಿಲ ಪಕ್ಕದ ಮೊಳೆಯ ಮೇಲೆ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ, ತೂಗಾಡುತ್ತಿತ್ತು. ಅದನ್ನು ಅಲ್ಲಿ ತೂಗುಹಾಕಿದವರು ಗಣಿತದ ಉಜ್ಜನಪ್ಪ ಮೇಷ್ಟ್ರು.

ಮೇಷ್ಟ್ರ ಮೊದಲ ಪಾಠ ಅವಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳ ತಾಯಿ ದುರುಗವ್ವ ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗೆ ಹೋಗುತ್ತಿದ್ದವಳು. ಮನೆಯಲ್ಲಿ ಒಂದು ಗಡಿಯಾರ ಕೆಟ್ಟರೂ ಗುಲ್ಲೆದ್ದು ಹೋಗುತ್ತಿತ್ತು. ಅಂಥ ಮನೆಯ ಹುಡುಗಿಯನ್ನು ಕರೆದು ಮೇಷ್ಟ್ರು ಯಂತ್ರದ ಮುಂದೆ ಕೂರಿಸಿ, ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮನ್ನು ತೋರಿಸಿ, "ಬಾರವ್ವಾ, ಇದನ್ನ ಕೆಡಿಸು" ಎಂದಿದ್ದರು. ಅವಳು ಒಂದೇ ಒಂದು ಚಿಹ್ನೆಯನ್ನು ಅಳಿಸಿದಳು. ತಪ್ಪಾಗಿದೆಯೆಂದು ಪರದೆ ಕೆಂಪು ಅಕ್ಷರ ಕಾರಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಈಗ ಗೊತ್ತಾತೇನು, ಈ ಗಾಡಿ ಯಾವ ಮೊಳೆ ಮ್ಯಾಲೆ ನಿಂತೈತೆ ಅಂತ? ಮುಂದಿನೋರು ಬರ್ರಿ, ಈಕಿ ಏನು ಕೆಡಿಸ್ಯಾಳೆ ಹುಡುಕ್ರಿ, ಸರಿ ಮಾಡಿ ಬೇರೆ ಏನಾದ್ರೂ ಕೆಡಿಸ್ರಿ." ಒಬ್ಬರು ಕೆಡಿಸುವುದು, ಮುಂದಿನವರು ಕಂಡುಹಿಡಿದು ಸರಿಪಡಿಸುವುದು, ಮತ್ತೆ ಕೆಡಿಸುವುದು. ಮಕ್ಕಳು ಅದಕ್ಕೆ ಕೆಡಿಸುವ ಪಾಠ ಎಂದೇ ಹೆಸರಿಟ್ಟಿದ್ದರು. ಮೇಷ್ಟ್ರು ನಿವೃತ್ತರಾದರು, ಮೊಳೆಯ ಮೇಲಿನ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿಗೆ ಸೇರಿತು.

ಭವ್ಯಾ ಆ ವಾರವೇ ಹರಿಹರಕ್ಕೆ ಹೋದಳು. ಮುಖ್ಯೋಪಾಧ್ಯಾಯ ಕೊಟ್ಟೂರೇಶ್ ಅವಳನ್ನು ಆದರದಿಂದ ಬರಮಾಡಿಕೊಂಡರು.

"ಬರ್ರಿ ಮೇಡಂ, ಕೂಡ್ರಿ. ನಮ್ ಸ್ಕೂಲಿನಾಗೆ ಓದಿದೋರು ನೀವು. ಚಾ ತಗಳ್ರಿ ಮೊದ್ಲು."

ಚಹಾ ಆದ ಮೇಲೆ ಅವರು ಕಿಟಕಿಯ ಗಾಜಿನಿಂದಲೇ ಕೋಣೆಯನ್ನು ತೋರಿಸಿದರು. ಹೂವಿನ ಬಟ್ಟೆಯ ಹೊದಿಕೆ ಹೊದ್ದ ಯಂತ್ರಗಳು ಸಾಲಾಗಿ ಕುಳಿತಿದ್ದವು. ಒಂದೊಂದರ ಹೊದಿಕೆಯ ಹಣೆಯ ಮೇಲೂ ಕಳೆದ ದಸರೆಯ ವಿಭೂತಿಯ ಗೆರೆ ಹಾಗೇ ಇತ್ತು.

"ನೋಡ್ರಿ, ಒಂದಕ್ಕೂ ಗೀರು ಬಿದ್ದಿಲ್ಲ. ಕವರ್ ನಾನೇ ಮುಂದೆ ನಿಂತು ಹೊಲಿಸೀನಿ."

"ಗೀರು ಬೀಳ್ಬೇಕಿತ್ತು ಸರ್," ಎಂದಳು ಭವ್ಯಾ. "ಅಂಕಿತಾ ಅಲ್ಲಿ ಕೈಕಟ್ಟಿ ಕುಂತು ಎದ್ದು ಬಂದ್ಲು. ಆಕಿಗೆ ಬರ್ತಿರ್ಲಿಲ್ಲ ಅಂತಲ್ಲ. ಮುಟ್ಟೋದು ತಪ್ಪು ಅಂದ್ಕಂಡಾಳೆ. ಬಾಗ್ಲು ತೆಗೀರಿ ಸರ್, ಶನಿವಾರ ಶನಿವಾರ ನಾನೇ ಬಂದು ಕಲಿಸ್ತೀನಿ."

"ಕೆಟ್ರೆ? ಯಾರು ಉತ್ತರ ಕೊಡ್ತಾರೆ?" ಕೊಟ್ಟೂರೇಶ್ ದನಿ ಏರಿತು. "ಯಂತ್ರ ಕೊಟ್ರು, ಕಲಿಸೋ ಮೇಷ್ಟ್ರನ್ನ ಕೊಡ್ಲಿಲ್ಲ. ರಿಪೇರಿ ಮಾಡೋರನ್ನ ಕೊಡ್ಲಿಲ್ಲ. ನಾಳೆ ಆಡಿಟ್ನೋರು ಬಂದು ಇದು ಯಾಕ ಕೆಟ್ಟೈತೆ ಅಂದ್ರೆ ನನ್ನ ಕೊರಳಿಗೇ ಬರ್ತೈತೆ. ಇನ್ನೊಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಾಬ್ಯಾಡ್ರಿ. ನನ್ ಮಗಳು ರಶ್ಮಿತಾ ನಿಮ್ ಕ್ಲಾಸಿನಾಗೇ ಅದಾಳಲ್ಲ?"

"ಅದಾಳೆ ಸರ್. ಚೊಲೋ ಹುಡುಗಿ."

"ಆ ಚೊಲೋ ಹುಡುಗಿ ದಿನಾ ಬೆಳಿಗ್ಗೆ ಎದ್ದು ಪ್ರೋಗ್ರಾಮ್ ಬಾಯಿಪಾಠ ಮಾಡ್ತಾಳ್ರಿ, ಮಂತ್ರ ಹೇಳಿದಂಗೆ. ಕೇಳಿ ಕೇಳಿ ನಮ್ ಮನೆಯೋಳಿಗೂ ಬಂದ್ಬಿಟ್ಟೈತೆ. ದ್ವಾಸೆ ಹುಯ್ಯುತ್ಲೇ, 'ಅಲ್ಲಿ ಒಂದು ಚುಕ್ಕಿ ಬಿಟ್ಟಿ ನೋಡೇ' ಅಂತ ಅಡುಗಿ ಮನಿಯಿಂದ ತಿದ್ದುತಾಳೆ. ಇದೇನ್ರಿ ನಿಮ್ ಎಂಜಿನಿಯರಿಂಗು? ನಾನು ಬಾಗಿಲಿಗೆ ಬೀಗ ಹಾಕೀನಿ, ಒಪ್ತೀನಿ. ನೀವು ಹುಡುಗ್ರ ತಲೀಗೆ ಹಾಕೀರಿ. ಯಾರ ಬೀಗ ದೊಡ್ಡದು ಹೇಳ್ರಿ?"

ಅವರು ಹೇಳಿದ್ದು ನಿಜವಾಗಿತ್ತು. ಭವ್ಯಾಳ ವಿಭಾಗದಲ್ಲಿ ಪದ್ಧತಿ ಹಾಗೇ ನಡೆದುಬಂದಿತ್ತು: ವರ್ಷದ ಮೊದಲಲ್ಲೇ ಪ್ರೋಗ್ರಾಮುಗಳನ್ನು ಅಚ್ಚು ಹಾಕಿಸಿ ಹಂಚುವುದು, ಪರೀಕ್ಷೆಯ ದಿನ ಚೀಟಿ ಎತ್ತಿಸುವುದು, ಚೀಟಿಯಲ್ಲಿ ಬಂದದ್ದನ್ನು ನೆನಪಿನಿಂದ ಕಕ್ಕಿದವರಿಗೆ ಅಂಕ ಕೊಡುವುದು. ತಾನು ಉಜ್ಜನಪ್ಪ ಮೇಷ್ಟ್ರ ಶಿಷ್ಯೆಯೆಂದು ಹೇಳಿಕೊಂಡು ತಿರುಗುವ ಅವಳೂ ಅದೇ ಗಾಡಿಗೆ ಹೆಗಲು ಕೊಟ್ಟಿದ್ದಳು. ಪಾಠ ಹೇಳುವವರು ಪಾಠವನ್ನು ಕೊಂದು ಫಲಿತಾಂಶವನ್ನು ಪೂಜಿಸುವ ಈ ವಂಚನೆಗೆ ಕಾಲೇಜಿನಲ್ಲಿ ಯಾರೂ ವಂಚನೆಯೆಂದು ಹೆಸರಿಟ್ಟಿರಲಿಲ್ಲ.

ಕೊಟ್ಟೂರೇಶ್ ನಕ್ಕರು. "ಒಂದು ಕೆಲ್ಸ ಮಾಡ್ರಿ. ನೀವು ಅಲ್ಲಿ ಬೀಗ ತೆಗೀರಿ, ನಾನು ಇಲ್ಲಿ ತೆಗೀತೀನಿ."

ಅವರು ತಮಾಷೆಗೆ ಅಂದರು. ಭವ್ಯಾ ಅದನ್ನು ಮಾತು ಕೊಟ್ಟಂತೆಯೇ ತೆಗೆದುಕೊಂಡಳು.

ಉಜ್ಜನಪ್ಪ ಮೇಷ್ಟ್ರು ಈಗ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಭವ್ಯಾ ಹಣ್ಣು ಹಿಡಿದು ಹೋದಾಗ ಅವರು ಕಟ್ಟೆಯ ಮೇಲೆ ಬಿಸಿಲು ಕಾಯುತ್ತ, ಮೊಮ್ಮಗಳ ರೇಡಿಯೋವನ್ನು ಬಿಚ್ಚಿ ಹರವಿಕೊಂಡಿದ್ದರು. ನಡೆದದ್ದನ್ನೆಲ್ಲ ಅವಳು ಹೇಳಿದಳು. ಮೇಷ್ಟ್ರು ಹೊಟ್ಟೆ ಕುಣಿಯುವಂತೆ ನಕ್ಕರು.

"ಕೊಟ್ಟೂರೇಶ ಸುಳ್ಳು ಹೇಳಾಕಿಲ್ಲ ತಂಗಿ. ಪುಕ್ಕಲ, ಆದ್ರೆ ಸತ್ಯವಂತ."

"ನಿಮ್ಗೆ ಆವಾಗ ಹೆದರಿಕೆ ಆಗ್ಲಿಲ್ವಾ ಮೇಷ್ಟ್ರೆ?"

"ಆಗ್ದೆ ಏನು! ಕಂಪ್ಯೂಟರ್ ಅಂದ್ರೆ ನನಗೇನು ಗೊತ್ತಿತ್ತು? ಬರ್ತಿರ್ಲಿಲ್ಲ, ಅದಕ್ಕೇ ನಿಮ್ ಕೈಲಿ ಕೆಡಿಸ್ದೆ. ನೀವು ಕೆಡಿಸಿದಿರಿ, ನಾನೂ ಕಲಿತೆ. ಆಗಿನ ಹೆಡ್ಮಾಸ್ಟ್ರು ಕೂಗಾಡಿದ್ರು. ಕೆಟ್ರೆ ಉಜ್ಜನಪ್ಪ ಕೆಡಿಸ್ಯಾನೆ ಅಂತ ಬರ್ಕಳ್ರಿ ಅಂದೆ. ಆಮ್ಯಾಲೆ ಸುಮ್ನಾದ್ರು. ಅವ್ರಿಗೆ ಬೇಕಾಗಿದ್ದು ಒಂದು ಹೆಸ್ರು, ಅಷ್ಟೆ."

ಭವ್ಯಾ ಹಣ್ಣಿನ ಚೀಲವನ್ನು ಕಟ್ಟೆಯ ಮೇಲಿಟ್ಟಳು. ತನ್ನ ಓದು, ತನ್ನ ನೌಕರಿ, ಸರಸ್ವತಿ ನಗರದ ಬಾಡಿಗೆ ಮನೆಯಲ್ಲಿ ಅವ್ವ ಈಗ ನೆಮ್ಮದಿಯಾಗಿ ಮಲಗುವ ಮಧ್ಯಾಹ್ನದ ನಿದ್ದೆ, ಎಲ್ಲದರ ಅಡಿಪಾಯದಲ್ಲಿ ಈ ಮನುಷ್ಯ ಒಪ್ಪಿಕೊಂಡ ಒಂದು ಜವಾಬ್ದಾರಿ ಇತ್ತು. ಅದು ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ. ಹೇಗೆ ಋಣ ತೀರಿಸಲೆಂದು ಕೇಳಬೇಕೆಂದುಕೊಂಡಳು.

ಮೇಷ್ಟ್ರೇ ಕೇಳಿದರು. "ನನಗೆ ಹಣ್ಣು ತಂದಿ, ಆತು. ನಾಳೆ ನಿನ್ ಹುಡುಗ್ರಿಗೆ ಏನು ಒಯ್ತೀ?"

ಮರುದಿನ ಲ್ಯಾಬಿನಲ್ಲಿ ಭವ್ಯಾ ಅಚ್ಚು ಹಾಕಿಸಿದ ಹಾಳೆಗಳನ್ನೆಲ್ಲ ಹಿಂದಕ್ಕೆ ಪಡೆದು ಅಲಮಾರಿಯಲ್ಲಿಟ್ಟಳು. ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಪ್ರೋಗ್ರಾಮನ್ನು, ಅಂಕಗಳನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸುವಂಥದ್ದನ್ನು, ಎಲ್ಲ ಪರದೆಗಳ ಮೇಲೂ ತರಿಸಿದಳು. "ಇದನ್ನ ಕೆಡಿಸಿ" ಎಂದಳು.

ಯಾರೂ ಅಲುಗಲಿಲ್ಲ. ಹಿಂದಿನ ಸಾಲಿನಿಂದ ಮಹೇಂದ್ರ ಎಂಬ ವಿದ್ಯಾರ್ಥಿ ಕೈ ಎತ್ತಿದ. "ಮೇಡಂ, ಕೆಡಿಸೋದು ಎಕ್ಸಾಮಿಗೆ ಬರ್ತೈತಾ?"

"ಬರ್ತೈತೆ. ನೀನು ನೌಕರಿಗೆ ಸೇರಿದ ಮೊದ್ಲನೇ ದಿನಾನೇ ಬರ್ತೈತೆ."

ಎಲ್ಲರೂ ನಕ್ಕರು, ನಗೆಯ ನಡುವೆ ಕೈಗಳು ಸಡಿಲವಾದವು. ರಶ್ಮಿತಾ ಹೆಚ್ಚು-ಕಡಿಮೆ ಹೋಲಿಸುವ ಒಂದೇ ಒಂದು ಗುರುತನ್ನು ತಿರುಗಿಸಿ ಪ್ರೋಗ್ರಾಮನ್ನು ಓಡಿಸಿದಳು. ಕೊನೆಯವನು ಮೊದಲಾದ, ಮೊದಲಿನವನು ಕೊನೆಗೆ ಹೋದ. "ಅಯ್ಯಯ್ಯೋ, ಎಲ್ಲಾ ಹಿಂದುಮುಂದಾತು!" ಎಂದು ಕೂಗಿದವಳು ಆಮೇಲೆ ಆ ಗುರುತಿನ ಮೇಲೆ ಬೆರಳಿಟ್ಟಳು. "ಮೇಡಂ, ಈ ಗುರುತನ್ನ ಎಷ್ಟು ಸಲ ಬಾಯಿಪಾಠ ಹೇಳೀನೋ. ಇದರ ಕೆಲಸ ಏನು ಅಂತ ಇವತ್ತು ಗೊತ್ತಾತು."

ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಉಪನ್ಯಾಸಕಿಯಾದ ಮೇಲೆ ಭವ್ಯಾ ಅಂಥದ್ದೊಂದನ್ನು ಕಂಡದ್ದು ಅದೇ ಮೊದಲು.

ವಿಭಾಗದ ಮುಖ್ಯಸ್ಥ ರುದ್ರಮುನಿ ಅವಳನ್ನು ಕರೆಸಿಕೊಂಡರು. ಹಾಳೆ ಕಸಿದುಕೊಂಡರೆ ಫಲಿತಾಂಶ ಕೆಡುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಭವ್ಯಾ ನಿಂತೇ ಉತ್ತರಿಸಿದಳು: "ಕೆಟ್ರೆ ಭವ್ಯಾ ಕೆಡಿಸಿದ್ಲು ಅಂತ ಬರ್ಕಳ್ರಿ ಸರ್." ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಈ ಸೆಮಿಸ್ಟರ್ ನೋಡೋಣ," ಎಂದರು.

ಆ ವಾರ ಕಳೆಯುವುದರೊಳಗೆ ಹರಿಹರದಿಂದ ಫೋನ್ ಬಂತು. "ಮೇಡಂ, ಏನ್ ಮಾಡಿದ್ರಿ ನಮ್ ಹುಡುಗೀಗೆ?" ಕೊಟ್ಟೂರೇಶ್ ಕೇಳಿದರು. "ಬೆಳಿಗ್ಗೆ ಮಂತ್ರ ನಿಂತು ಹೋತು. ಊಟಕ್ಕೆ ಕುಂತಾಗ್ಲೂ ಅದನ್ನ ಹಂಗೆ ಕೆಡಿಸ್ದೆ, ಇದನ್ನ ಹಿಂಗೆ ಕೆಡಿಸ್ದೆ ಅಂತ ಒಂದೇ ಸಮ ಹೇಳ್ತಾಳೆ. ನಮ್ ಮನೆಯೋಳಿಗೆ ತಿದ್ದಾಕ ಏನೂ ಸಿಗವಲ್ದು, ಮಖ ಸಣ್ಣ ಮಾಡ್ಕಂಡಾಳೆ." ಫೋನಿಡುವ ಮುನ್ನ ಅವರು ಸೇರಿಸಿದರು. "ಶನಿವಾರ ಬರ್ರಿ. ಮಾತು ಅಂದ್ರೆ ಮಾತು."

ಶನಿವಾರ ಭವ್ಯಾ ತನ್ನ ಕಾಲೇಜಿನ ಲ್ಯಾಬ್ ಸಹಾಯಕ ಫರ್ದೀನನನ್ನೂ ಕರೆದುಕೊಂಡು ಹೋದಳು. ಸುದ್ದಿ ತಿಳಿದ ಉಜ್ಜನಪ್ಪ ಮೇಷ್ಟ್ರು ಅವರಿಗಿಂತ ಮೊದಲೇ ಬಸ್ಸಿಳಿದು ಬಂದು ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಬೀಗ ಬಿಗಿದುಕೊಂಡಿತ್ತು, ಎಣ್ಣೆ ಬಿಟ್ಟ ಮೇಲೆ ತೆರೆಯಿತು.

ಫರ್ದೀನ್ ಮೊದಲ ಯಂತ್ರದ ಪೆಟ್ಟಿಗೆ ಬಿಚ್ಚಿದ. ಒಳಗೆ ಇಲಿಗಳ ಗೂಡು. ಹೂವಿನ ಬಟ್ಟೆಯ ಚೂರು, ದಸರೆಯ ಚೆಂಡುಹೂವಿನ ದಾರ, ಪ್ರಸಾದದ ಮಂಡಕ್ಕಿ, ಎಲ್ಲವನ್ನೂ ಒಟ್ಟುಮಾಡಿ ಅವು ಸುಖವಾಗಿ ಸಂಸಾರ ಹೂಡಿದ್ದವು. ಎರಡನೆಯದರ ತಂತಿಗಳನ್ನು ಕಡಿದು ಹಾಕಿದ್ದವು. ವಿದ್ಯುತ್ ಹೋದಾಗ ಆಸರೆಯಾಗಬೇಕಿದ್ದ ಬ್ಯಾಟರಿಗಳು ಬಾತುಕೊಂಡಿದ್ದವು.

"ಯಾರೂ ಮುಟ್ಟೇ ಇಲ್ಲಲ್ಲಪ್ಪ!" ಕೊಟ್ಟೂರೇಶ್ ಬೆವರೊರೆಸಿಕೊಂಡರು.

"ಅದಕ್ಕೇ ಸರ್," ಎಂದ ಫರ್ದೀನ್.

ಆ ಕೋಣೆಯಲ್ಲಿ ಮಗುವೊಂದು ಮುಟ್ಟಿ ಕೆಟ್ಟ ಯಂತ್ರ ಒಂದೂ ಇರಲಿಲ್ಲ. ಕೆಟ್ಟವೆಲ್ಲ ಮುಟ್ಟದೆ ಕೆಟ್ಟಿದ್ದವು. ಆ ಮನುಷ್ಯ ಪ್ರಾಮಾಣಿಕವಾಗಿ, ಹೊದಿಕೆ ಹೊಲಿಸಿ, ಧೂಪ ಹಾಕಿ ಕಾಪಾಡಿದ್ದು ಹೆಣಗಳನ್ನು. ಫರ್ದೀನ್ ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಮಧ್ಯಾಹ್ನದ ಹೊತ್ತಿಗೆ ಕೆಲವನ್ನು ಬದುಕಿಸಿದ.

ಮಕ್ಕಳನ್ನು ಕರೆದರು. ಅಂಕಿತಾ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಳು.

"ಹಾಕ್ಕಂಡೇ ಬಾರವ್ವಾ," ಎಂದರು ಉಜ್ಜನಪ್ಪ. "ಇದು ಗುಡಿ ಅಲ್ಲ, ಕಮ್ಮಾರನ ಕುಲುಮಿ ಇದ್ದಂಗೆ. ಬಡೀಬೇಕು."

ಅವಳು ಬಂದು ಕುಳಿತಳು. ಪರದೆಯ ಮೇಲೆ ಏಳರ ಮಗ್ಗಿಯ ಪ್ರೋಗ್ರಾಮ್ ಇತ್ತು. ಭವ್ಯಾ ಅವಳ ಹೆಗಲ ಮೇಲೆ ಕೈಯಿಟ್ಟು, "ಇದನ್ನ ಕೆಡಿಸು" ಎಂದಳು. ಹುಡುಗಿಯ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು. ಅವಳು ಭವ್ಯಾಳನ್ನು ನೋಡಲಿಲ್ಲ, ಮೇಷ್ಟ್ರನ್ನೂ ನೋಡಲಿಲ್ಲ. ನೋಡಿದ್ದು ಕೊಟ್ಟೂರೇಶರನ್ನು. ಮುಟ್ಟಬೇಡವೆಂದ ಬಾಯಿಯೇ ಮುಟ್ಟೆನ್ನಬೇಕಾಗಿತ್ತು.

ಕೊಟ್ಟೂರೇಶ್ ಒಂದು ಹೆಜ್ಜೆ ಮುಂದೆ ಬಂದರು. ಇಲಿಯ ಗೂಡಿನ ಕಡೆಗೊಮ್ಮೆ ನೋಡಿದರು. "ಮುಟ್ಟವ್ವಾ," ಎಂದರು. "ಕೆಟ್ರೆ ನಾನು ಅದೀನಿ."

ಅಂಕಿತಾಳ ಕೈ ಬಿಚ್ಚಿತು. ಅವಳು ಸಾಲುಗಳನ್ನು ಬೆರಳಿಟ್ಟು ಓದಿ, ಎಲ್ಲಿ ನಿಲ್ಲಬೇಕೆಂದು ಹೇಳುವ ಭಾಗವನ್ನು ಹುಡುಕಿ ಅಳಿಸಿ, ಓಡಿಸಿದಳು. ಏಳು, ಹದಿನಾಲ್ಕು, ಇಪ್ಪತ್ತೊಂದು... ಎಪ್ಪತ್ತನ್ನು ದಾಟಿತು, ಏಳುನೂರನ್ನು ದಾಟಿತು, ಮಳೆಗಾಲದ ತುಂಗಭದ್ರೆಯಂತೆ ಪರದೆಯ ತುಂಬ ಅಂಕಿಗಳು ನುಗ್ಗಿ ಹರಿದವು. ಮಕ್ಕಳು ಕೇಕೆ ಹಾಕಿದರು.

"ಅಯ್ಯೋ ನಿಲ್ಸ್ರಿ! ಸ್ವಿಚ್ ಎಲ್ಲೈತ್ರೋ!" ಕೊಟ್ಟೂರೇಶ್ ಗೋಡೆಯತ್ತ ಧಾವಿಸಿದರು.

"ತಡೀರಿ ಸಾರ್," ಎಂದಳು ಅಂಕಿತಾ. ದನಿಯಲ್ಲಿ ಅಳುಕಿರಲಿಲ್ಲ. "ನಾನು ಕೆಡ್ಸೀನಿ, ನಾನೇ ನಿಲ್ಲಿಸ್ತೀನಿ."

ಭವ್ಯಾ ತೋರಿಸಿದ ಕೀಲಿಗಳನ್ನು ಒತ್ತಿ ಪ್ರವಾಹವನ್ನು ತಡೆದಳು. ಅಳಿಸಿದ್ದನ್ನು ಸ್ವಂತ ನೆನಪಿನಿಂದ, ಅರ್ಥ ತಿಳಿದ ನೆನಪಿನಿಂದ, ಮತ್ತೆ ಬರೆದಳು. ಮಗ್ಗಿ ಎಪ್ಪತ್ತಕ್ಕೆ ಬಂದು ಅಚ್ಚುಕಟ್ಟಾಗಿ ನಿಂತಿತು. ಅವಳು ತಿರುಗಿ, "ಮಿಸ್, ಇನ್ನೊಂದ್ಸಲ ಕೆಡಿಸ್ಲಾ? ಆಮ್ಯಾಲೆ ಪಿಯುಸಿ ಬಗ್ಗೆ ಒಂದು ಮಾತು ಕೇಳೋದೈತೆ" ಎಂದಳು.

ಭವ್ಯಾ ಕಣ್ಣೊರೆಸಿಕೊಂಡು ಉಜ್ಜನಪ್ಪ ಮೇಷ್ಟ್ರ ಕಾಲಿಗೆ ಬಗ್ಗಿದಳು. ಅವರು ಕಾಲು ಹಿಂದೆಳೆದುಕೊಂಡರು. "ನಂದಿರ್ಲಿ ತಂಗಿ. ನಾನು ಹುಂಬ, ನನ್ ಹೆದರಿಕೆ ಒಂದು ಗಳಿಗೀದು. ಹೆದರ್ಕಂಡೂ ಬಾಗ್ಲು ತೆಗೆದೋನು ಅಲ್ಲಿ ನಿಂತಾನೆ ನೋಡು, ಮೊದ್ಲು ಅವನಿಗೆ ಹೇಳು."

ಅವಳು ಹೇಳಿದಳು. ಕೊಟ್ಟೂರೇಶ್ ಏನೂ ಕೇಳಿಸದವರಂತೆ ಬಾಗಿಲ ಪಕ್ಕದಲ್ಲಿ ಮೊಳೆ ಹೊಡೆಯುತ್ತಿದ್ದರು. ಮೊದಲು ತಮ್ಮ ಎತ್ತರಕ್ಕೆ ಹಿಡಿದರು. ಮೇಷ್ಟ್ರು ಕೆಮ್ಮಿದರು. ಮೊಳೆ ಅಂಕಿತಾಳ ಭುಜದ ಮಟ್ಟಕ್ಕೆ ಇಳಿಯಿತು.

ಒಬ್ಬರು ಹೆಸರು ಕೊಟ್ಟರು, ಒಬ್ಬಳು ಅದನ್ನು ನೆನೆದಳು, ಒಬ್ಬರು ಅಳುಕುತ್ತಲೇ ಬೀಗದ ಕೈ ತಿರುಗಿಸಿದರು. ಅವರಿಗೆಲ್ಲ ನಾವು ಕೃತಜ್ಞರಾಗಿರಬೇಕು. ಆದರೆ ಕುಳಿತಲ್ಲೇ ಕೃತಜ್ಞರಾಗಿದ್ದರೆ ನಿಮ್ಮ ಬೀದಿಯ ಬೀಗ ತೆರೆಯುವುದಿಲ್ಲ. ಆದ್ದರಿಂದ ಸೋಮವಾರ ಬೆಳಿಗ್ಗೆ ನಿಮ್ಮ ಶಾಲೆಗೆ ಹೋಗಿ. ಬೈಯಬೇಡಿ; ಮುಖ್ಯೋಪಾಧ್ಯಾಯರ ಹೆದರಿಕೆ ಸುಳ್ಳಲ್ಲ, ಅವರನ್ನು ಅದರೊಳಗೆ ಒಂಟಿಯಾಗಿ ಬಿಟ್ಟವರು ನಾವೇ. ಕೀಲಿಕೈ ಎಲ್ಲಿದೆಯೆಂದು ಕೇಳಿ. ಕೆಟ್ಟರೆ ಯಾರು ಹೊಣೆ ಎಂದು ಅವರು ಕೇಳುತ್ತಾರೆ. ನಿಮ್ಮ ಹೆಸರು ಬರೆದುಕೊಳ್ಳಲು ಹೇಳಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಪ್ರೋಗ್ರಾಮನ್ನು ಮಂತ್ರದಂತೆ ಉರುಹೊಡೆಯುತ್ತಿದ್ದರೆ, ಪಕ್ಕದಲ್ಲಿ ಕುಳಿತು, "ಒಂದು ಗುರುತು ತಿರುಗಿಸಿ ನೋಡವ್ವಾ" ಎನ್ನಿ. ಹೋಗುವಾಗ ಒಂದು ಮೊಳೆಯನ್ನೂ ಜೇಬಿನಲ್ಲಿಟ್ಟುಕೊಂಡಿರಿ. ಅದನ್ನು ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ ಹೊಡೆದು ಬನ್ನಿ.